ನಡೆದಾಡುವ ಹಿಕ್ಕೆ

"ಅಜ್ಜಾ, ಈ ಹಕ್ಕಿ ಹಿಕ್ಕಿ ನಡೀಲಿಕತ್ತದ ನೋಡ್ರಿ!"

ಮಾಳಮಡ್ಡಿಯ ನಮ್ಮ ಹಿತ್ತಲಿಗೆ ಕರಿಬೇವು ಹರಿಯಲು ಬಂದ ಎದುರುಮನೆಯ ಪುಟ್ಟಿ ಹೀಗೆ ಕೂಗಿದಾಗ ನಾನು ಚಹಾದ ಕಪ್ಪನ್ನು ಕಟ್ಟೆಯ ಮೇಲಿಟ್ಟು ಎದ್ದೆ. ಅವಳ ತಾಯಿ ಒಗ್ಗರಣೆಗೆ ಎಣ್ಣೆ ಕಾಯಿಸಿ ದಾರಿ ನೋಡುತ್ತಿದ್ದಿರಬೇಕು. ಪುಟ್ಟಿಗೆ ಅದರ ಖಬರಿಲ್ಲ. ಎಳೆ ಎಲೆಯ ಮೇಲೆ ಕಂದು-ಬಿಳಿ ಬಣ್ಣದ, ಹಸಿಯಾಗಿ ಹೊಳೆಯುವ ಒಂದು ಚೂರು ಬಿದ್ದಿತ್ತು. ಯಾರು ಕಂಡರೂ ಗುಬ್ಬಿಯೋ ಪಿಕಳಾರವೋ ಹಾರುವಾಗ ಉದುರಿಸಿ ಹೋದದ್ದು ಅನ್ನಬೇಕು. ಆದರೆ ಅದು ಮೆಲ್ಲಗೆ ತಲೆ ಎತ್ತಿತು, ಎಲೆಯ ಅಂಚನ್ನು ಕಚ್ಚಿತು, ಮತ್ತೆ ಸುಮ್ಮನಾಯಿತು.

ಮಕ್ಕಳೇ, ಅದು ಚಿಟ್ಟೆಯ ಮರಿಹುಳ. ಕೊಳಕಿನ ವೇಷ ಹಾಕಿಕೊಂಡು ಕೂತಿತ್ತು. ಹುಳ ಹುಡುಕುವ ಹಕ್ಕಿ ಎಲ್ಲವನ್ನೂ ತಿಂದೀತು, ತನ್ನ ಹಿಕ್ಕೆಯನ್ನು ತಾನು ತಿನ್ನುವುದಿಲ್ಲವಲ್ಲ! ಅದಕ್ಕಿಂತ ಪಕ್ಕಾ ಅಡಗುತಾಣ ಬೇರೆ ಯಾವುದು?

ಪುಟ್ಟಿಗೆ ನಾನು ಹೇಳಿದೆ: "ಇವತ್ತಿನಿಂದ ಈ ಕೊಂಬೆ ನಿನ್ನದು. ಇದರ ಎಲಿ ಯಾರೂ ಹರಿಯೂಹಂಗಿಲ್ಲ. ಒಂದು ನೋಟ್‌ಬುಕ್ ತಗೊಂಡು ಬಾ."

ನೋಟ್‌ಬುಕ್ ಯಾಕೆ ಅಂದೆ ಅನ್ನುವುದಕ್ಕೆ ನನ್ನದೇ ಒಂದು ಮೂರ್ಖತನದ ಕತೆ ಇದೆ. ನಾನು ನಿಮ್ಮಷ್ಟಿದ್ದಾಗ ಪಾತರಗಿತ್ತಿ ಹಿಡಿಯುವ ಹುಚ್ಚು ಹತ್ತಿತ್ತು. ಧಾರವಾಡದ ಕಡೆ ಚಿಟ್ಟೆಗೆ ಪಾತರಗಿತ್ತಿ ಎನ್ನುತ್ತೇವೆ. ಸಾಧನಕೇರಿಯ ಬೇಂದ್ರೆಯವರು ಅದರ ಮೇಲೆ ಬರೆದ ಹಾಡು ನಿಮಗೆ ಬಾಯಿಪಾಠವೇ ಇದ್ದೀತು. ಬೆತ್ತದ ಕೋಲಿಗೆ ಸೊಳ್ಳೆಪರದೆಯ ಚೀಲ ಹೊಲಿದು, ರೈಲು ನಿಲ್ದಾಣದ ಕಡೆಯ ಪೊದೆಗಳಲ್ಲಿ ಓಡಾಡಿ ಹಿಡಿದು ತರುತ್ತಿದ್ದೆ. ಹಿಡಿದದ್ದನ್ನೆಲ್ಲ ಪೇಢೆಯ ಖಾಲಿ ಡಬ್ಬಿಯಲ್ಲಿ ಗುಂಡುಸೂಜಿ ಚುಚ್ಚಿ ಸಾಲಾಗಿ ನಿಲ್ಲಿಸಿದ್ದೆ. ಎಷ್ಟು ಜಂಬ ಅಂದರೆ, ಮನೆಗೆ ಬಂದ ನೆಂಟರಿಗೆಲ್ಲ ಆ ಡಬ್ಬಿಯ ದರ್ಶನ ಆಗಲೇಬೇಕು.

ಮಳೆಗಾಲ ಬಂತು. ಡಬ್ಬಿ ಮಾಡದಲ್ಲಿ ಉಳಿಯಿತು. ದಸರಾ ಹೊತ್ತಿಗೆ ತೆಗೆದು ನೋಡಿದರೆ ಒಳಗೆ ಗುಂಡುಸೂಜಿಗಳು ಮಾತ್ರ ನೆಟ್ಟಗೆ ನಿಂತಿವೆ! ಕೆಳಗೆ ಬಣ್ಣದ ಪುಡಿ, ನಾಲ್ಕಾರು ಮುರಿದ ಕಾಲು. ಪೇಢೆಯ ಸಕ್ಕರೆಯ ವಾಸನೆಗೆ ಬಂದ ಇರುವೆಗಳು ನನ್ನ ಸಂಗ್ರಹವನ್ನು ಊಟ ಮಾಡಿ ಹೋಗಿದ್ದವು. ಅತ್ತುಬಿಟ್ಟೆ. ಆಮೇಲೆ ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸಿದ ಗುರುಗಳೊಬ್ಬರಿಗೆ ಇದನ್ನು ಹೇಳಿದಾಗ ಅವರು ಕೇಳಿದ್ದು ಒಂದೇ ಮಾತು: "ಯಾವ್ಯಾವ ಪಾತರಗಿತ್ತಿ, ಎಲ್ಲಿ, ಎಂದು ಹಿಡಿದೆ? ಬರೆದಿಟ್ಟೀಯೇನು?" ಬರೆದಿಟ್ಟಿರಲಿಲ್ಲ. "ಹಂಗಾರ ಇರುವಿ ತಿನ್ನೂಕಿಂತ ಮೊದಲೂ ಅದು ಸಂಗ್ರಹ ಆಗಿರಲಿಲ್ಲ ಬಿಡು" ಅಂದರು. ಆಗ ಸಿಟ್ಟು ಬಂದಿತ್ತು. ಅವರು ಹೇಳಿದ್ದು ಸರಿ.

ದೊಡ್ಡ ವಿಜ್ಞಾನ ಸಂಗ್ರಹಾಲಯಗಳಲ್ಲಿ ನೂರು ವರ್ಷ ಹಳೆಯ ಚಿಟ್ಟೆಗಳಿವೆ. ಪ್ರತಿಯೊಂದರ ಸೂಜಿಗೂ ಒಂದು ಪುಟ್ಟ ಚೀಟಿ ಇರುತ್ತದೆ. ಊರು, ತಾರೀಖು, ಹಿಡಿದವರ ಹೆಸರು. ಚೀಟಿ ಇಲ್ಲದ ಚಿಟ್ಟೆ ಅಲ್ಲಿ ಬರೀ ಬಣ್ಣದ ಕಾಗದ. ಹಾಗಾದರೆ ಆ ಚೀಟಿಯಲ್ಲಿ ಇರುವುದನ್ನೆಲ್ಲ ನೀವು ಚಿಟ್ಟೆಯನ್ನು ಕೊಲ್ಲದೆಯೇ ನೋಟ್‌ಬುಕ್ಕಿನಲ್ಲಿ ಬರೆಯಬಹುದು. ಈಗ ಫೋಟೋ ಹೊಡೆಯಲು ಮನೆಮನೆಯಲ್ಲೂ ಮೊಬೈಲ್ ಇದೆ. ಮೇಲಾಗಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹುಲಿ, ಆನೆಯ ಜತೆಗೆ ಹಲವು ಚಿಟ್ಟೆಗಳನ್ನೂ ಕಾಪಾಡುತ್ತದೆ. ಅವನ್ನು ಹಿಡಿದು ಡಬ್ಬಿಗೆ ಹಾಕಿದರೆ ಅಪರಾಧ. ಯಾವುದು ಪಟ್ಟಿಯಲ್ಲಿದೆ, ಯಾವುದು ಇಲ್ಲ ಎಂದು ಹಾರುತ್ತಿರುವಾಗ ನಿಮಗೆ ಗೊತ್ತಾಗುವುದೂ ಇಲ್ಲ. ಆದ್ದರಿಂದ ಬಲೆ ಬೇಡ.

ಪುಟ್ಟಿ ಮೊದಲ ದಿನ ನೋಟ್‌ಬುಕ್ಕಿನಲ್ಲಿ ಬರೆದದ್ದು: "ಕರಿಬೇವು. ಕೆಳಗಿನ ಕೊಂಬೆ. ಹಿಕ್ಕೆ ಹುಳ 1. ಉದ್ದ ನನ್ನ ಉಗುರಿನಷ್ಟು. ಮೋಡ." ನನಗೆ ಬಹಳ ಖುಷಿಯಾಯಿತು. ಮೋಡವನ್ನು ಬರೆಯಬೇಕೆಂದು ನಾನು ಹೇಳಿರಲಿಲ್ಲ.

ಮರುದಿನದಿಂದ ಹುಳಕ್ಕೆ ತಿನ್ನುವುದೊಂದೇ ಕೆಲಸ. ಚಿಟ್ಟೆಯ ಜೀವನದಲ್ಲಿ ಬೆಳೆಯುವ ಕಾಲ ಅದೊಂದೇ. ರೆಕ್ಕೆ ಬಂದ ಮೇಲೆ ಅದು ಒಂದು ಕೂದಲೆಳೆಯಷ್ಟೂ ದೊಡ್ಡದಾಗುವುದಿಲ್ಲ. ನೀವು ಕಾಣುವ ಪುಟ್ಟ ಚಿಟ್ಟೆ ದೊಡ್ಡ ಚಿಟ್ಟೆಯ ಮಗು ಅಲ್ಲ, ಅದು ಬೇರೆಯೇ ಜಾತಿ. ಹುಳದ ಚರ್ಮ ನಮ್ಮ ಚರ್ಮದಂತೆ ಹಿಗ್ಗುವುದಿಲ್ಲ. ಕಳೆದ ವರ್ಷದ ಯೂನಿಫಾರ್ಮ್ ಈ ವರ್ಷ ಬಿಗಿಯಾಗುತ್ತದಲ್ಲ, ಹಾಗೆ ಅದಕ್ಕೂ ಬಿಗಿಯಾಗುತ್ತದೆ. ಆಗ ಹಳೆಯ ಚರ್ಮ ಕಳಚಿ ಒಳಗಿನ ಹೊಸ ಚರ್ಮದಲ್ಲಿ ಹೊರಬರುತ್ತದೆ. ನಾಲ್ಕು ಸಲ ಹೀಗೆ ಕಳಚಿ ಐದನೆಯ ಅಂಗಿ ತೊಟ್ಟಾಗ ನಮ್ಮ ಹಿಕ್ಕೆ ಹುಳ ಹಿಕ್ಕೆಯಾಗಿ ಉಳಿದಿರಲಿಲ್ಲ. ಎಲೆಹಸಿರು ಬಣ್ಣದ, ಪುಟ್ಟಿಯ ಕಿರುಬೆರಳಿನಷ್ಟು ದಪ್ಪದ ಹುಳವಾಗಿತ್ತು. ಅಷ್ಟು ದೊಡ್ಡ ಹಿಕ್ಕೆ ಯಾವ ಗುಬ್ಬಿ ಹಾಕೀತು? ವೇಷ ಹೊಂದದಿದ್ದಾಗ ವೇಷ ಬದಲಾಯಿಸಿತು.

ಒಂದು ಹುಲ್ಲುಕಡ್ಡಿಯಿಂದ ಅದರ ಬೆನ್ನನ್ನು ಮೆಲ್ಲಗೆ ಮುಟ್ಟು ಅಂದೆ. ಮುಟ್ಟಿದಳು. ತಟ್ಟನೆ ತಲೆಯ ಹಿಂದಿನಿಂದ ಹಾವಿನ ನಾಲಿಗೆಯಂತೆ ಕವಲೊಡೆದ ಕೆಂಪು ಕೊಂಬು ಹೊರಬಂತು, ಜತೆಗೆ ಘಮ್ಮೆಂದು ಒಂದು ವಾಸನೆ. ಪುಟ್ಟಿ ಎರಡು ಹೆಜ್ಜೆ ಹಿಂದೆ ಹಾರಿದಳು. ಆಮೇಲೆ ಮೂಗು ಮುಂದೆ ಮಾಡಿ, "ಅಜ್ಜಾ, ಲಿಂಬಿಹಣ್ಣಿನ ಉಪ್ಪಿನಕಾಯಿ ಕೆಟ್ಟಂಗ ವಾಸನಿ" ಅಂದಳು. ಇರುವೆ, ಜೇಡಗಳನ್ನು ಓಡಿಸಲು ಹುಳ ಇಟ್ಟುಕೊಂಡ ಅಸ್ತ್ರ ಅದು. ನಿಮಗೆ ಏನೂ ಅಪಾಯವಿಲ್ಲ, ಆದರೆ ದಿನಾ ಕೆಣಕಬೇಡಿ. ಪ್ರತಿ ಸಲವೂ ಅದಕ್ಕೆ ಖರ್ಚು. ಮೈತುಂಬ ರೋಮವಿರುವ ಕಂಬಳಿಹುಳಗಳ ವಿಚಾರ ಬೇರೆ. ಅವುಗಳ ರೋಮ ಚುಚ್ಚಿದರೆ ಮೈಯೆಲ್ಲ ತುರಿಸಿ ದದ್ದು ಏಳುತ್ತದೆ. ರೋಮವಿದ್ದದ್ದನ್ನು ಮುಟ್ಟಬಾರದು ಎಂದು ಮನಸ್ಸಿನಲ್ಲಿ ಇಟ್ಟುಕೊಳ್ಳಿ.

ನಿಂಬೆಯ ವಾಸನೆ ಕರಿಬೇವಿನ ಗಿಡದಲ್ಲಿ ಹೇಗೆ ಬಂತು? ಈ ಪ್ರಶ್ನೆ ಪುಟ್ಟಿಯದು. ಚಿಟ್ಟೆ ಗುರುತಿಸುವ ಹವ್ಯಾಸದ ಕೀಲಿಕೈ ಇದೇ ಪ್ರಶ್ನೆಯಲ್ಲಿದೆ ಎನ್ನುವುದು ನನ್ನ ಅಭಿಪ್ರಾಯ.

ನಮ್ಮ ಹುಳದ ತಾಯಿ ಮೊಟ್ಟೆಯಿಡಲು ಬಂದಾಗ ಗಿಡದಿಂದ ಗಿಡಕ್ಕೆ ಹಾರುತ್ತ ಎಲೆಗಳ ಮೇಲೆ ಮುಂಗಾಲಿನಿಂದ ಟಪಟಪ ಬಡಿದು ನೋಡುತ್ತದೆ. ಚಿಟ್ಟೆಗೆ ರುಚಿ ತಿಳಿಯುವುದು ಕಾಲಿನಲ್ಲಿ! ದಾಸವಾಳಕ್ಕೆ ಬಡಿಯಿತು, ಊಹೂಂ. ತುಳಸಿ, ಊಹೂಂ. ಕರಿಬೇವು, ಹೌದು. ನಿಂಬೆ, ಹೌದು. ಬಿಲ್ವಪತ್ರೆ, ಅದೂ ಹೌದು. ನಮಗೆ ಒಂದು ಒಗ್ಗರಣೆಗೆ, ಒಂದು ಪಾನಕಕ್ಕೆ, ಒಂದು ಶಿವನ ಪೂಜೆಗೆ. ಮೂರಕ್ಕೂ ಸಂಬಂಧವೇ ಕಾಣುವುದಿಲ್ಲ. ಸಸ್ಯವಿಜ್ಞಾನಿಯನ್ನು ಕೇಳಿ, ಮೂರೂ ಒಂದೇ ಕುಟುಂಬದ ಗಿಡಗಳು ಎಂದು ಹೇಳುತ್ತಾನೆ. ಎಲೆಯನ್ನು ಬೆಳಕಿಗೆ ಹಿಡಿದರೆ ಮೂರರಲ್ಲೂ ಚುಕ್ಕಿಚುಕ್ಕಿಯಾಗಿ ಎಣ್ಣೆಯ ಗ್ರಂಥಿಗಳು ಕಾಣುತ್ತವೆ. ನಾವು ಪುಸ್ತಕ ಓದಿ ತಿಳಿದದ್ದನ್ನು ಪಾತರಗಿತ್ತಿ ಕಾಲಿನಿಂದ ತಟ್ಟಿ ತಿಳಿಯುತ್ತದೆ.

ಎಕ್ಕೆಯ ಗಿಡವನ್ನು ನೋಡಿ. ಶನಿವಾರ ಮಾರುತಿಗೆ ಹಾರ ಮಾಡುವ ಎಕ್ಕೆ. ಎಲೆ ಮುರಿದರೆ ಬಿಳಿ ಹಾಲು, ಅದು ವಿಷ. ಆಡು ಸಹ ಮೂಸಿ ಬಿಡುತ್ತದೆ. ಅದರ ಎಲೆಯ ಮೇಲೆ ಕಪ್ಪು, ಹಳದಿ, ಬಿಳಿ ಪಟ್ಟೆಯ ಹುಳ ಹಗಲುಹೊತ್ತಿನಲ್ಲೇ ರಾಜಾರೋಷವಾಗಿ ಕೂತಿರುತ್ತದೆ. ಅಡಗುವ ಗರಜೇ ಅದಕ್ಕಿಲ್ಲ. ಎಲೆಯ ವಿಷವನ್ನು ಮೈಯಲ್ಲಿ ಕೂಡಿಟ್ಟುಕೊಂಡಿದೆ. ಅದೇ ವಿಷ ಅದರ ಚಿಟ್ಟೆಗೂ ಬರುತ್ತದೆ. ಕಿತ್ತಳೆ ರೆಕ್ಕೆ, ತುದಿಯಲ್ಲಿ ಕಪ್ಪು-ಬಿಳಿ, ನಿಧಾನ ಹಾರಾಟ. ಇಂಗ್ಲಿಷಿನಲ್ಲಿ ಪ್ಲೇನ್ ಟೈಗರ್ ಎನ್ನುತ್ತಾರೆ. ಒಮ್ಮೆ ತಿಂದು ವಾಂತಿ ಮಾಡಿದ ಹಕ್ಕಿ ಆ ಕಿತ್ತಳೆ ಬಣ್ಣವನ್ನು ಮತ್ತೆ ಮರೆಯುವುದಿಲ್ಲ. ಇದರ ಹತ್ತಿರದ ಸಂಬಂಧಿ ಕಾಮನ್ ಕ್ರೋ ಎಂಬ ಕಂದುಗಪ್ಪು ಚಿಟ್ಟೆ ಕಣಗಿಲೆಯ ಮೇಲೆ ಮೊಟ್ಟೆಯಿಡುತ್ತದೆ. ಅದರ ಕೋಶ ಬೆಳ್ಳಿ-ಬಂಗಾರದ ಹಾಗೆ ಥಳಥಳ ಹೊಳೆಯುತ್ತದೆ. ಯಾರದೋ ಝುಮಕಿ ಗಿಡಕ್ಕೆ ಸಿಕ್ಕಿಕೊಂಡಿದೆ ಅನ್ನಬೇಕು, ಹಾಗೆ. ಹಿಂದೆ ಎಕ್ಕೆಯೂ ಕಣಗಿಲೆಯೂ ಬೇರೆ ಬೇರೆ ಕುಟುಂಬ ಎಂದೇ ಪುಸ್ತಕಗಳಲ್ಲಿತ್ತು. ನಾನೂ ಹಾಗೇ ಕಲಿತಿದ್ದೆ. ಈಚಿನ ದಶಕಗಳಲ್ಲಿ ಎರಡನ್ನೂ ಒಂದೇ ಕುಟುಂಬಕ್ಕೆ ಸೇರಿಸಿದ್ದಾರೆ. ಈ ಚಿಟ್ಟೆಗಳು ಮೊದಲಿನಿಂದಲೂ ಅದನ್ನೇ ಹೇಳುತ್ತಿದ್ದವು, ಕೇಳುವವರು ತಡ ಮಾಡಿದರು.

ಆದ್ದರಿಂದ ಚಿಟ್ಟೆ ಗುರುತಿಸಬೇಕೆನ್ನುವವರು ಮೊದಲು ಗಿಡ ಗುರುತಿಸಿ. ಹಾರುವ ಚಿಟ್ಟೆಯ ಹಿಂದೆ ಓಡಿದರೆ ಮೊಣಕಾಲು ತರಚುತ್ತದೆ. ಗಿಡ ಎಲ್ಲಿಗೂ ಓಡುವುದಿಲ್ಲ. ಕಕ್ಕೆಯ ಮರವಿದ್ದಲ್ಲಿ ಹಳದಿ-ಬಿಳಿ ಚಿಟ್ಟೆಗಳು, ಔಡಲವಿದ್ದಲ್ಲಿ ಇಟ್ಟಿಗೆ ಬಣ್ಣದವು, ಶಾಲೆಯ ಅಂಗಳದ ಎತ್ತರದ ಅಶೋಕ ಗಿಡವಿದ್ದಲ್ಲಿ ಹಸಿರು ಚುಕ್ಕೆಯವು. ನಮ್ಮ ಕಡೆ ಆಪೂಸಿನ ಮರಗಳು ಬೇಕಾದಷ್ಟಿವೆ. ಮಾವಿನ ಎಲೆಯನ್ನು ಒಂದೊಂದಾಗಿ ನೋಡುತ್ತ ಹೋದರೆ ಎಂದೋ ಒಂದು ದಿನ ನಡುನರಕ್ಕೆ ಸರಿಯಾಗಿ ಮಲಗಿದ, ಎರಡೂ ಬದಿ ಹಸಿರು ಗರಿಗಳಂತೆ ಮುಳ್ಳು ಚಾಚಿದ ಹುಳ ಸಿಗುತ್ತದೆ. ಬೆನ್ನ ಮೇಲಿನ ಗೆರೆ ಎಲೆಯ ನರದ ಮೇಲೇ ಬರುವಂತೆ ಮಲಗಿರುತ್ತದೆ. ಅದು ಬ್ಯಾರನ್ ಎಂಬ ಚಿಟ್ಟೆಯ ಮರಿ. ಬೆರಳಿಟ್ಟು ತೋರಿಸಿದರೂ ಅರ್ಧ ಮಂದಿಗೆ ಕಾಣುವುದಿಲ್ಲ.

ಬ್ಯಾರನ್ ಎಂದರೆ ಇಂಗ್ಲೆಂಡಿನ ಜಹಗೀರದಾರ. ನಮ್ಮ ಚಿಟ್ಟೆಗಳಿಗೆ ಇಂಗ್ಲಿಷ್ ಹೆಸರಿಟ್ಟವರಲ್ಲಿ ಬಹಳ ಮಂದಿ ಬ್ರಿಟಿಷ್ ಕಾಲದ ಸೈನ್ಯದ, ಸರಕಾರದ ಅಧಿಕಾರಿಗಳು. ಅದಕ್ಕೇ ಚಿಟ್ಟೆಗಳಲ್ಲಿ ಸಾರ್ಜೆಂಟ್ ಇದ್ದಾನೆ, ಕಮಾಂಡರ್ ಇದ್ದಾನೆ, ರಾಜಾ, ನವಾಬರೂ ಇದ್ದಾರೆ. ಕಚೇರಿಯ ದರ್ಬಾರನ್ನೆಲ್ಲ ಹಿತ್ತಲಿಗೆ ತಂದಿಟ್ಟರು! ಅವರಲ್ಲಿ ಒಬ್ಬರ ಬಗ್ಗೆ ಮಾತ್ರ ನಿಮಗೆ ಹೇಳಲೇಬೇಕು.

1863ರಲ್ಲಿ ಐರ್ಲೆಂಡಿನಲ್ಲಿ ಹುಟ್ಟಿದ ಟಿ. ಆರ್. ಬೆಲ್ ಅರಣ್ಯ ಇಲಾಖೆಯ ಅಧಿಕಾರಿಯಾಗಿ ನಮ್ಮ ಸೀಮೆಗೆ ಬಂದವರು. ಆಗ ಧಾರವಾಡವೂ ಉತ್ತರ ಕನ್ನಡವೂ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಕಾರವಾರದಲ್ಲಿ ಅವರಿಗೆ ಇಬ್ಬರು ಗೆಳೆಯರು ಸಿಕ್ಕಿದರು. ಜಿಲ್ಲೆಯ ಕಲೆಕ್ಟರ್ ಜೇಮ್ಸ್ ಡೇವಿಡ್‌ಸನ್ ಒಬ್ಬರು, ಉಪ್ಪಿನ ಇಲಾಖೆಯ ಇ. ಎಚ್. ಏಟ್ಕೆನ್ ಇನ್ನೊಬ್ಬರು. ಕಾಡು, ಕಂದಾಯ, ಉಪ್ಪು ಮೂರೂ ಕೂಡಿ ಮರಿಹುಳ ಸಾಕತೊಡಗಿದವು. ಯಾವ ಚಿಟ್ಟೆ ಯಾವ ಗಿಡದ ಮೇಲೆ ಮೊಟ್ಟೆಯಿಡುತ್ತದೆ, ಹುಳ ಹೇಗಿರುತ್ತದೆ, ಕೋಶ ಯಾವ ಬಣ್ಣದ್ದು ಎಂದು ಒಂದೊಂದನ್ನೂ ಕಣ್ಣಾರೆ ಕಂಡು ಬರೆದರು. ಉತ್ತರ ಕನ್ನಡ ಜಿಲ್ಲೆಯ ಚಿಟ್ಟೆಗಳ ಮೇಲೆ ಅವರು ಮೂವರ ಬರಹ 1896ರಿಂದ ಮುಂಬಯಿಯ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ಪತ್ರಿಕೆಯಲ್ಲಿ ಬಂತು. ಉಳಿದಿಬ್ಬರು ಬೇರೆ ಕಡೆ ಹೋದರು. ಬೆಲ್ ಹೋಗಲಿಲ್ಲ. ನಿವೃತ್ತರಾದ ಮೇಲೂ ಕಾರವಾರದಲ್ಲೇ ಉಳಿದರು, 1948ರಲ್ಲಿ ತೀರಿಕೊಳ್ಳುವವರೆಗೂ. ಹಾಕ್ ಮಾತ್ ಎಂಬ ದೊಡ್ಡ ಪತಂಗಗಳ ಮೇಲೆ ಮೇಜರ್ ಸ್ಕಾಟ್ ಜತೆ ಅವರು ಬರೆದ ಪುಸ್ತಕ ಅಚ್ಚಾದದ್ದು 1937ರಲ್ಲಿ. ಆಗ ಅವರಿಗೆ ಎಪ್ಪತ್ತು ದಾಟಿತ್ತು. ಭಾರತದ ಚಿಟ್ಟೆಗಳ ಮರಿಹುಳ ಯಾವ ಎಲೆ ತಿನ್ನುತ್ತದೆ ಎಂದು ಇಂದು ಯಾರಾದರೂ ಹುಡುಕಿದರೆ ಬೆಲ್ ಬರೆದಿಟ್ಟದ್ದು ಇವತ್ತಿಗೂ ಕೆಲಸಕ್ಕೆ ಬರುತ್ತದೆ. ಅವರೂ ಚಿಟ್ಟೆಗಳನ್ನು ಸೂಜಿಗೆ ಚುಚ್ಚಿದವರೇ. ಆದರೆ ಉಳಿದದ್ದು ಎಲೆಯ ಲೆಕ್ಕ.

ಇಂಥದೇ ಕೆಲಸವನ್ನು ಇನ್ನೂ ಇನ್ನೂರು ವರ್ಷ ಮೊದಲು ಜರ್ಮನಿಯ ಒಬ್ಬ ಹುಡುಗಿ ಮಾಡಿದ್ದಳು. ಮರಿಯಾ ಸಿಬಿಲಾ ಮೆರಿಯನ್ ಎಂದು ಹೆಸರು, ಹುಟ್ಟಿದ್ದು 1647ರಲ್ಲಿ. ಹದಿಮೂರನೆಯ ವಯಸ್ಸಿಗೆ ರೇಷ್ಮೆಹುಳ ಸಾಕಿ ಚಿತ್ರ ಬರೆಯತೊಡಗಿದಳು. ಹುಳಗಳು ಕೆಸರಿನಿಂದ ತಾವಾಗಿಯೇ ಹುಟ್ಟುತ್ತವೆ ಎಂದು ದೊಡ್ಡವರೇ ನಂಬಿದ್ದ ಕಾಲ ಅದು. ಮೊಟ್ಟೆ, ಹುಳ, ಕೋಶ, ಚಿಟ್ಟೆ, ಅದು ತಿನ್ನುವ ಗಿಡ ಎಲ್ಲವನ್ನೂ ಒಂದೇ ಹಾಳೆಯಲ್ಲಿ ಬಿಡಿಸಿದಳು. ನಿಮ್ಮ ನೋಟ್‌ಬುಕ್ಕಿಗೂ ಇದಕ್ಕಿಂತ ಒಳ್ಳೆಯ ಮಾದರಿ ನನಗೆ ಗೊತ್ತಿಲ್ಲ.

ನಮ್ಮ ಹುಳಕ್ಕೆ ಮರಳೋಣ. ಸುಮಾರು ಎರಡು ವಾರ ತಿಂದ ಮೇಲೆ ಒಂದು ದಿನ ಅದು ಊಟ ಬಿಟ್ಟಿತು. ಪುಟ್ಟಿಗೆ ಚಿಂತೆ. ಹುಳ ಕೊಂಬೆಯುದ್ದಕ್ಕೂ ಅಲೆದಾಡಿ ಒಂದು ಕಡ್ಡಿ ಆರಿಸಿಕೊಂಡು, ಬಾಲದ ತುದಿಯನ್ನು ರೇಷ್ಮೆಯಿಂದ ಅಂಟಿಸಿ, ಸೊಂಟಕ್ಕೆ ಒಂದು ಎಳೆ ಸುತ್ತಿಕೊಂಡಿತು. ಕರೆಂಟಿನ ಕಂಬ ಹತ್ತಿದ ಲೈನ್‌ಮನ್ ಬೆಲ್ಟ್ ಹಾಕಿಕೊಂಡು ಹಿಂದಕ್ಕೆ ಒರಗಿ ನಿಲ್ಲುತ್ತಾನಲ್ಲ, ಥೇಟ್ ಹಾಗೆ. ಮರುದಿನ ಚರ್ಮ ಕಳಚಿ ಕೋಶವಾಯಿತು. ಹಸಿರು ಎಲೆಗಳ ನಡುವೆ ಕೂತದ್ದಕ್ಕೆ ಹಸಿರು ಕೋಶ. ಅದೇ ಜಾತಿಯ ಇನ್ನೊಂದು ಹುಳ ಒಣ ಕಡ್ಡಿಯ ಮೇಲೆ ಕೂತು ಕಂದು ಕೋಶವಾಯಿತು.

ಕೋಶದ ಒಳಗೆ ಏನು ನಡೆಯುತ್ತದೆ? ಹುಳಕ್ಕೆ ರೆಕ್ಕೆ ಅಂಟಿಕೊಳ್ಳುತ್ತದೆ ಎಂದುಕೊಳ್ಳಬೇಡಿ. ಹುಳದ ಮೈಯ ಬಹುಪಾಲು ಕರಗಿ ಗಂಜಿಯಂತಾಗುತ್ತದೆ. ಮೊಟ್ಟೆಯಿಂದ ಬಂದಾಗಲೇ ಅದರೊಳಗೆ ನಿದ್ದೆ ಹೋಗಿದ್ದ ಕೆಲವು ಜೀವಕೋಶಗಳ ಗುಂಪುಗಳು ಈಗ ಎದ್ದು ಆ ಗಂಜಿಯನ್ನೇ ಉಂಡು ರೆಕ್ಕೆ, ಮೀಸೆ, ಉದ್ದ ಕಾಲು ಕಟ್ಟುತ್ತವೆ. ಅಷ್ಟೆಲ್ಲ ಕರಗಿದರೆ ಹುಳ ಕಲಿತದ್ದು ಚಿಟ್ಟೆಗೆ ನೆನಪಿರುತ್ತದೆಯೇ? 2008ರಲ್ಲಿ ಅಮೆರಿಕದ ವಿಜ್ಞಾನಿಗಳು ಒಂದು ಪತಂಗದ ಮರಿಹುಳಗಳಿಗೆ ಒಂದು ವಾಸನೆ ತೋರಿಸಿ, ಜತೆಗೇ ಸಣ್ಣ ವಿದ್ಯುತ್ ಪೆಟ್ಟು ಕೊಟ್ಟು ನೋಡಿದರು. ಬಲಿತ ಹುಳಗಳಲ್ಲಿ ಬಹಳಷ್ಟು ಪತಂಗವಾದ ಮೇಲೂ ಆ ವಾಸನೆಯಿಂದ ದೂರ ಸರಿದವು. ಮೆದುಳಿನ ಯಾವುದೋ ಮೂಲೆ ಕರಗದೆ ಉಳಿದಿರುತ್ತದೆ.

ಹತ್ತನೆಯ ದಿನದ ಹೊತ್ತಿಗೆ ಹಸಿರು ಕೋಶ ಕಪ್ಪಾಯಿತು. ಬೆಳಗ್ಗೆ ಶಾಲೆಯ ಗಂಟೆಗಿಂತ ಮೊದಲೇ ಸಿಗಿದು, ಮುದ್ದೆಯಾದ ರೆಕ್ಕೆಯ ಒದ್ದೆ ಚಿಟ್ಟೆ ಹೊರಬಂತು. ಬಾಲದಿಂದ ನಾಲ್ಕು ಹನಿ ಬಣ್ಣದ ನೀರು ಬಿಟ್ಟಿತು. ಪುಟ್ಟಿ ರಕ್ತವೆಂದು ಗಾಬರಿಯಾದಳು. ಅದು ಕೋಶದೊಳಗೆ ಉಳಿದಿದ್ದ ಕಸ, ಅಷ್ಟೇ. ಮೈಯ ದ್ರವವನ್ನು ನರಗಳಿಗೆ ಒತ್ತಿ ಒತ್ತಿ ರೆಕ್ಕೆಯನ್ನು ಬಿಚ್ಚಿಕೊಂಡಿತು. ಆ ಹೊತ್ತಿನಲ್ಲಿ ಮುಟ್ಟಿದರೆ ರೆಕ್ಕೆ ಜೀವನವಿಡೀ ಸೊಟ್ಟ. ಸುರುಳಿ ಸೊಂಡಿಲನ್ನು ಬಿಚ್ಚುತ್ತ ಸುತ್ತುತ್ತ ಇತ್ತು. ಅದು ಹುಟ್ಟುವಾಗ ಎರಡು ಸೀಳು. ಹೀಗೆ ಆಡಿಸಿಯೇ ಎರಡನ್ನೂ ಜಿಪ್ ಹಾಕಿದಂತೆ ಜೋಡಿಸಿ ಒಂದು ಕೊಳವೆ ಮಾಡಿಕೊಳ್ಳುತ್ತದೆ. ಕಪ್ಪು ಮೈ, ತುಂಬ ತಿಳಿಹಳದಿ ಚುಕ್ಕೆ, ಹಿಂದಿನ ರೆಕ್ಕೆಯಲ್ಲಿ ಒಂದು ಕೆಂಪು ಬೊಟ್ಟು, ಬಾಲವಿಲ್ಲ. ಲೈಮ್ ಬಟರ್‌ಫ್ಲೈ, ನಿಂಬೆ ಚಿಟ್ಟೆ.

ಕಂದು ಕೋಶದಿಂದ ಚಿಟ್ಟೆ ಬರಲೇ ಇಲ್ಲ. ಬಂದದ್ದು ಸಾಸಿವೆಗಿಂತ ಚಿಕ್ಕ ಕಣಜಗಳ ದಂಡು. ತಾಯಿ ಕಣಜ ಆ ಕೋಶದೊಳಗೇ ಮೊಟ್ಟೆಯಿಟ್ಟು ಹೋಗಿತ್ತು, ಅದರ ಮರಿಗಳು ಒಳಗಿನ ಜೀವವನ್ನು ತಿಂದು ಬೆಳೆದಿದ್ದವು. ಪುಟ್ಟಿ ಅಂದು ನೋಟ್‌ಬುಕ್ ಮುಟ್ಟಲಿಲ್ಲ. ಮರುದಿನ ತಾನೇ ಬಂದು ಬರೆದಳು: "ಎರಡನೇ ಕೋಶ. ಕಣಜ 40ಕ್ಕೂ ಹೆಚ್ಚು. ಹಾರಿ ಹೋದವು." ಇಂಥ ಕಣಜಗಳಿಲ್ಲದಿದ್ದರೆ ಊರಿನಲ್ಲಿ ಕರಿಬೇವು ಉಳಿಯುತ್ತಿರಲಿಲ್ಲ ಎಂದು ನಾನು ಹೇಳಿದ್ದನ್ನು ಮಾತ್ರ ಅವಳು ಬರೆದುಕೊಳ್ಳಲಿಲ್ಲ.

ಇನ್ನು ಗುರುತಿಸುವುದರ ಮಜಾ, ಅಂದರೆ ಮೋಸಹೋಗುವ ಮಜಾ. ಅದೇ ಕರಿಬೇವಿನ ಮೇಲೆ ಕಾಮನ್ ಮಾರ್ಮನ್ ಎಂಬ ಇನ್ನೊಂದು ಚಿಟ್ಟೆಯೂ ಬೆಳೆಯುತ್ತದೆ. ಗಂಡು ಕಪ್ಪು, ಹಿಂದಿನ ರೆಕ್ಕೆಗೆ ಅಡ್ಡಲಾಗಿ ಬಿಳಿ ಚುಕ್ಕೆಗಳ ಸಾಲು. ಹೆಣ್ಣುಗಳಲ್ಲಿ ಮೂರು ಬಗೆ. ಒಂದು ಗಂಡಿನಂತೆಯೇ. ಎರಡನೆಯದು ಕಾಮನ್ ರೋಸ್ ಎಂಬ ಬೇರೆ ಚಿಟ್ಟೆಯಂತೆ. ಮೂರನೆಯದು ಕ್ರಿಮ್ಸನ್ ರೋಸ್‌ನಂತೆ. ಆ ಎರಡು ರೋಸ್‌ಗಳು ಈಶ್ವರಿ ಬಳ್ಳಿ ತಿಂದು ಬೆಳೆದ ವಿಷದ ಚಿಟ್ಟೆಗಳು. ವಿಷವಿಲ್ಲದ ಮಾರ್ಮನ್ ಅವುಗಳ ಸೀರೆಯುಟ್ಟು ಹಕ್ಕಿಯನ್ನು ಹೆದರಿಸುತ್ತದೆ. ನಮ್ಮ ಕಣ್ಣಿಗೂ ಮೊದಮೊದಲು ಮೋಸವೇ. ಉಪಾಯ ಹೇಳುತ್ತೇನೆ: ರೆಕ್ಕೆ ನೋಡಬೇಡಿ, ಹೊಟ್ಟೆ ನೋಡಿ. ನಿಜವಾದ ರೋಸ್‌ನ ಮೈ ಕುಂಕುಮದಂತೆ ಕೆಂಪು. ವೇಷಧಾರಿಯ ಮೈ ಕಪ್ಪು. ಸೀರೆ ಸಿಕ್ಕಿತು, ರವಿಕೆ ಹೊಂದಿಸಲು ಆಗಲಿಲ್ಲ!

ಈ ಮೂರು ವೇಷ ಹೇಗೆ ಬಂದವು? ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಕೆಲಸ ಮಾಡುವ ಕೃಷ್ಣಮೇಘ ಕುಂಟೆ ಮತ್ತು ಅವರ ಜತೆಗಾರರು 2014ರಲ್ಲಿ ಉತ್ತರ ಕೊಟ್ಟರು. ಕೀಟಗಳಲ್ಲಿ ಗಂಡು-ಹೆಣ್ಣಿನ ಮೈಕಟ್ಟನ್ನು ರೂಪಿಸುವ ಡಬಲ್‌ಸೆಕ್ಸ್ ಎಂಬ ಒಂದೇ ಒಂದು ಜೀನ್ ಇಡೀ ವೇಷಭೂಷಣದ ಉಸ್ತುವಾರಿ ನೋಡಿಕೊಳ್ಳುತ್ತದೆ. ಇನ್ನೊಂದು ತಮಾಷೆ ಕೇಳಿ. 1758ರಲ್ಲಿ ಸ್ವೀಡನ್ನಿನ ವಿಜ್ಞಾನಿ ಲಿನಿಯಸ್ ಇವುಗಳಲ್ಲಿ ಎರಡು ಚಿಟ್ಟೆಗಳಿಗೆ ಗ್ರೀಕ್ ಪುರಾಣದಿಂದ ಹೆಸರು ಆರಿಸಿದ. ಕ್ರಿಮ್ಸನ್ ರೋಸ್ ಹೆಕ್ಟರ್ ಆಯಿತು, ಮಾರ್ಮನ್ ಪೊಲೈಟಿಸ್ ಆಯಿತು. ಪುರಾಣದಲ್ಲಿ ಹೆಕ್ಟರ್ ಮತ್ತು ಪೊಲೈಟಿಸ್ ಟ್ರಾಯ್ ನಗರದ ರಾಜನ ಮಕ್ಕಳು, ಅಣ್ಣತಮ್ಮಂದಿರು. ಒಂದು ಇನ್ನೊಂದರ ವೇಷ ಹಾಕುವ ಸಂಗತಿ ಆಗ ಯಾರಿಗೂ ತಿಳಿದಿರಲಿಲ್ಲ.

ಎರಡು ಜಾತಿ ಒಂದರಂತೆ ಕಾಣುವುದು ಹೀಗಾದರೆ, ಒಂದೇ ಜಾತಿ ಎರಡಾಗಿ ಕಾಣುವುದೂ ಉಂಟು. ದೀಪ ಹಚ್ಚುವ ಹೊತ್ತಿಗೆ ಪಡಸಾಲೆಗೆ ನುಗ್ಗಿ ಗೋಡೆಗೆ ಕೂರುವ ಕಂದು ಚಿಟ್ಟೆಯನ್ನು ನೀವು ಕಂಡಿರುತ್ತೀರಿ. ಈವ್ನಿಂಗ್ ಬ್ರೌನ್ ಎನ್ನುತ್ತಾರೆ. ಮಳೆಗಾಲದಲ್ಲಿ ಅದರ ರೆಕ್ಕೆಯ ಕೆಳಮೈಯಲ್ಲಿ ಕಣ್ಣಿನಂಥ ಚುಕ್ಕೆಗಳ ಸಾಲು. ಬೇಸಿಗೆಯಲ್ಲಿ ಹುಟ್ಟಿದವಕ್ಕೆ ಚುಕ್ಕೆ ಮಾಯ, ಬರೀ ಒಣ ಎಲೆ. ನಾನು ಚಿಕ್ಕವನಿದ್ದಾಗ ಇವನ್ನು ಎರಡು ಜಾತಿ ಎಂದು ಎರಡು ಸೂಜಿಗೆ ಚುಚ್ಚಿದ್ದೆ. ತಾರೀಖು ಬರೆದಿಟ್ಟಿದ್ದರೆ ಮಳೆಗಾಲದ್ದು ಯಾವುದು, ಬೇಸಿಗೆಯದು ಯಾವುದು ಎಂದು ಡಬ್ಬಿಯೇ ಹೇಳುತ್ತಿತ್ತು. ಫೋಟೋ ತೆಗೆಯುವಾಗ ರೆಕ್ಕೆಯ ಮೇಲ್ಮೈ, ಕೆಳಮೈ ಎರಡನ್ನೂ ತೆಗೆಯಿರಿ. ಬಹಳ ಚಿಟ್ಟೆಗಳ ಪತ್ತೆ ಹತ್ತುವುದು ಕೆಳಮೈಯಿಂದಲೇ.

ಸಂಜೆ ಬರುವ ಆ ಕಂದು ಚಿಟ್ಟೆಯನ್ನು ಎಲ್ಲರೂ ಪತಂಗ ಎನ್ನುತ್ತಾರೆ. ಅದು ಚಿಟ್ಟೆಯೇ. ಹಾಗಾದರೆ ಪತಂಗ ಯಾವುದು? ಮೀಸೆ ನೋಡಿ. ಚಿಟ್ಟೆಯ ಮೀಸೆ ಬೆಂಕಿಕಡ್ಡಿ ಇದ್ದಂತೆ, ತುದಿಯಲ್ಲಿ ಗುಂಡು. ಪತಂಗದ್ದು ಬರೀ ದಾರ, ಇಲ್ಲವೇ ಎರಡೂ ಕಡೆ ಹಲ್ಲಿರುವ ಬಾಚಣಿಕೆ. ಚಿಟ್ಟೆ ಕೂತಾಗ ಸಾಮಾನ್ಯವಾಗಿ ರೆಕ್ಕೆಗಳನ್ನು ಬೆನ್ನ ಮೇಲೆ ಕೈ ಮುಗಿದಂತೆ ಜೋಡಿಸುತ್ತದೆ, ಪತಂಗ ಹಂಚಿನ ಮಾಡಿನಂತೆ ಇಳಿಬಿಡುತ್ತದೆ. ಸಾಮಾನ್ಯವಾಗಿ ಎಂದೆ. ಹಗಲಲ್ಲಿ ಹಾರುವ ಪತಂಗಗಳೂ ಇವೆ, ರೆಕ್ಕೆ ಚಪ್ಪಟೆ ಹರಡುವ ಚಿಟ್ಟೆಗಳೂ ಇವೆ. ಭಾರತದಲ್ಲಿ ಚಿಟ್ಟೆಗಳು ಸುಮಾರು 1,300 ಜಾತಿ. ಪತಂಗಗಳು 10,000ಕ್ಕೂ ಹೆಚ್ಚು. ಹೊಸದೇನಾದರೂ ಕಾಣಬೇಕು ಎನ್ನುವವರು ರಾತ್ರಿಯ ಕಡೆ ತಿರುಗುವುದು ಜಾಣತನ.

ಪತಂಗ ನೋಡಲು ಖರ್ಚಿಲ್ಲ. ಮೊದಲ ಮಳೆಗಳು ಬಿದ್ದ ಮೇಲೆ ಒಂದು ರಾತ್ರಿ ಹಳೆಯ ಬಿಳಿ ಧೋತರವನ್ನು ಅಂಗಳದಲ್ಲಿ ಕಟ್ಟಿ ಮುಂದೆ ಒಂದು ಬಲ್ಬು ಹಚ್ಚಿ, ದೊಡ್ಡವರ ಜತೆ ಕೂತುಕೊಳ್ಳಿ. ಪತಂಗಕ್ಕೆ ದೀಪದ ಮೇಲೆ ಮೋಹ ಎಂದು ನಮ್ಮ ಕವಿಗಳೆಲ್ಲ ಹೇಳಿಕೊಂಡು ಬಂದರು. 2024ರಲ್ಲಿ ಅತಿವೇಗದ ಕ್ಯಾಮೆರಾದಿಂದ ಚಿತ್ರೀಕರಿಸಿ ನೋಡಿದ ವಿಜ್ಞಾನಿಗಳು ಬೇರೆಯೇ ಹೇಳುತ್ತಾರೆ. ಹಾರುವ ಕೀಟಕ್ಕೆ ಬೆಳಕಿದ್ದ ಕಡೆ ಆಕಾಶ, ಅಂದರೆ ಮೇಲು. ಅತ್ತ ಬೆನ್ನು ತಿರುಗಿಸುವುದು ಅದರ ಹುಟ್ಟುಗುಣ. ಬಲ್ಬು ಪಕ್ಕದಲ್ಲಿದ್ದರೆ ಪಾಪ, ಮೇಲು ಕೆಳಗು ತಿಳಿಯದೆ ವಾಲಿಕೊಂಡು ಅದರ ಸುತ್ತಲೇ ಸುತ್ತುತ್ತದೆ. ಪ್ರೇಮವಲ್ಲ, ತಲೆತಿರುಗು. ಆದ್ದರಿಂದ ಒಂದು ತಾಸು ನೋಡಿ ದೀಪ ಆರಿಸಿಬಿಡಿ. ಇಲ್ಲವಾದರೆ ಹಲ್ಲಿಗಳಿಗೆ ಬಾಡೂಟ.

ಪತಂಗದ ಮರಿಯನ್ನಾದರೆ ಹಗಲಲ್ಲೇ ಹುಡುಕಬಹುದು. ನಂದಿಬಟ್ಟಲಿನ ಗಿಡದ ಕೆಳಗೆ ನೆಲದ ಮೇಲೆ ಮೆಣಸಿನಕಾಳಿನಂಥ ಹಿಕ್ಕೆ ಬಿದ್ದಿದೆಯೇ ನೋಡಿ. ಬಿದ್ದಿದ್ದರೆ ಅದರ ಸರಿಯಾಗಿ ಮೇಲೆ ಬೆರಳುದ್ದದ ಹಸಿರು ಹುಳ ಇರಲೇಬೇಕು. ಕೆಣಕಿದರೆ ತಲೆ ಬಗ್ಗಿಸಿ ಎರಡು ನೀಲಿ ಕಣ್ಣು ಬಿಡುತ್ತದೆ. ಅವು ಕಣ್ಣಲ್ಲ, ಬೆನ್ನ ಮೇಲಿನ ಚಿತ್ರ. ಅದು ಕಣಗಿಲೆ ಪತಂಗದ ಮರಿ, ಬೆಲ್ ಸಾಹೇಬರ ಹಾಕ್ ಮಾತ್‌ಗಳಲ್ಲಿ ಒಂದು. ದೊಡ್ಡದಾದ ಮೇಲೆ ಹಸಿರು, ಗುಲಾಬಿ, ಬಿಳಿಯ ಅಲೆಅಲೆಯ ರೆಕ್ಕೆ ಬರುತ್ತದೆ. ಅಷ್ಟು ಚೆಂದದ ಇಳಕಲ್ ಸೀರೆಯನ್ನೂ ನಾನು ಕಂಡಿಲ್ಲ. ಹಿಕ್ಕೆ ನೋಡಿ ಹುಳ ಹುಡುಕುವ ಈ ವಿದ್ಯೆ ಪುಟ್ಟಿಗೆ ಈಗ ನನಗಿಂತ ಚೆನ್ನಾಗಿ ಬರುತ್ತದೆ.

ಧಾರವಾಡದಲ್ಲಿರುವ ನಮಗೆ ಒಂದು ಲಾಭವಿದೆ. ಪಶ್ಚಿಮಕ್ಕೆ ಹೋದರೆ ಹಳಿಯಾಳ, ದಾಂಡೇಲಿಯ ಕಾಡು, ಪೂರ್ವಕ್ಕೆ ನವಲಗುಂದದ ಎರೆಹೊಲ. ಮಲೆನಾಡಿನ ಚಿಟ್ಟೆಗಳೂ ಬಯಲುಸೀಮೆಯವೂ ಇಲ್ಲಿ ಎದುರುಬದುರಾಗುತ್ತವೆ. ಕರ್ನಾಟಕದ ರಾಜ್ಯ ಚಿಟ್ಟೆ ಸದರ್ನ್ ಬರ್ಡ್‌ವಿಂಗ್ ಘಟ್ಟದ ಕಾಡಿನದು. ರೆಕ್ಕೆ ಹರಡಿದರೆ 190 ಮಿಲಿಮೀಟರಿನವರೆಗೂ ಬರುತ್ತದೆ, ಸ್ಕೇಲಿನಲ್ಲಿ ಅಳೆದು ನೋಡಿ. 1932ರಿಂದ ಭಾರತದ ಅತಿ ದೊಡ್ಡ ಚಿಟ್ಟೆ ಎಂಬ ದಾಖಲೆ ಅದರದಾಗಿತ್ತು. 2020ರಲ್ಲಿ ಹಿಮಾಲಯದ ಗೋಲ್ಡನ್ ಬರ್ಡ್‌ವಿಂಗ್ ನಾಲ್ಕೇ ಮಿಲಿಮೀಟರಿನಿಂದ ಅದನ್ನು ಹಿಂದೆ ಹಾಕಿತು. ನಮ್ಮ ಹಿತ್ತಲಿಗೆ ಅದು ಬರುವುದಿಲ್ಲ. ಬರುವುದು ಹುಲ್ಲಿನ ಮಟ್ಟದಲ್ಲೇ ಹಾರುವ, ರೆಕ್ಕೆ ಹರಡಿದರೂ ಒಂದು ರೂಪಾಯಿ ನಾಣ್ಯವನ್ನು ದಾಟದ ಗ್ರಾಸ್ ಜ್ಯುವೆಲ್. ಅದನ್ನು ನೋಡಲು ನೆಲಕ್ಕೆ ಮಲಗಬೇಕು. ಅಂಗಿ ಕೊಳೆಯಾದರೆ ಮನೆಯಲ್ಲಿ ನನ್ನ ಹೆಸರು ಹೇಳಿ.

ಪುಟ್ಟಿಯ ನೋಟ್‌ಬುಕ್ಕಿನಲ್ಲಿ ಈಗ ಹನ್ನೊಂದು ಚಿಟ್ಟೆ, ನಾಲ್ಕು ಪತಂಗ. ಹೆಸರು ಸಿಗದ ಮೂರಕ್ಕೆ ತಾನೇ ಹೆಸರಿಟ್ಟಿದ್ದಾಳೆ, ಒಂದರ ಹೆಸರು "ಸುಟ್ಟ ಹಪ್ಪಳ." ನಾನು ತಿದ್ದಿಲ್ಲ. ಗಿಡದ ಹೆಸರು, ತಾರೀಖು, ಚಿತ್ರ ಸರಿಯಾಗಿವೆ. ನಿಜವಾದ ಹೆಸರು ಮುಂದೆ ಎಂದಾದರೂ ಸಿಕ್ಕೀತು.

ನಿನ್ನೆ ಅವಳ ತಾಯಿ ಕರಿಬೇವಿಗೆ ತಾವೇ ಬಂದಿದ್ದರು. ಗಿಡಕ್ಕೆ ಪುಟ್ಟಿ ಕಟ್ಟಿದ ರಟ್ಟಿನ ಬೋರ್ಡು ಓದಿ ನಕ್ಕು, ಚಪ್ಪಲಿ ಬಿಟ್ಟು ಕಟ್ಟೆ ಹತ್ತಿ ಎಲೆ ಹರಿದುಕೊಂಡು ಹೋದರು. ಬೋರ್ಡಿನಲ್ಲಿ ಬರೆದದ್ದು ಇಷ್ಟು: "ಮ್ಯಾಲಿನ ಕೊಂಬಿಯಿಂದ ಹರೀರಿ. ಕೆಳಗಿನ ಕೊಂಬ್ಯಾಗ ಎರಡು ತತ್ತಿ ಅವ."